ಬೆಳಕು ಕೆತ್ತಿದ ಬಾಗಿಲು: ಒಂದು ಸಣ್ಣ ಊರಿನ ಗ್ರಂಥಾಲಯ ಕಟ್ಟಡದ ಕಥೆ

ಗ್ರಂಥಾಲಯ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಪುಸ್ತಕ. ಪುಸ್ತಕಗಳನ್ನು ಇಟ್ಟಿರುವ ಕಟ್ಟಡದ ಕಡೆಗೆ ಗಮನ ಹೋಗುವುದು ಕಡಿಮೆ. ದೇವಸ್ಥಾನವನ್ನೋ ಅರಮನೆಯನ್ನೋ ತಲೆಯೆತ್ತಿ ನೋಡುವ ನಾವು, ಗ್ರಂಥಾಲಯಕ್ಕೆ ಹೋದಾಗ ತಲೆ ತಗ್ಗಿಸಿ ಒಳಗೆ ನಡೆಯುತ್ತೇವೆ, ಪತ್ರಿಕೆ ಹಿಡಿದು ಕೂರುತ್ತೇವೆ, ಎದ್ದು ಬರುತ್ತೇವೆ. ಆದರೆ ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ಪುಸ್ತಕವನ್ನು ನೀವೇ ಕಪಾಟಿನಿಂದ ತೆಗೆಯಬಹುದೇ, ಅಥವಾ ಇನ್ನೊಬ್ಬರು ತಂದುಕೊಡುವವರೆಗೆ ಕಾಯಬೇಕೇ? ಹೆಂಗಸರು, ಮಕ್ಕಳು ಒಳಗೆ ಬಂದು ನಿರಾಳವಾಗಿ ಕೂರಬಹುದೇ? ಮೆಟ್ಟಿಲು ಹತ್ತಲಾರದವರ ಗತಿಯೇನು? ಇವೆಲ್ಲ ನಿರ್ಧಾರವಾಗುವುದು ಪುಸ್ತಕದಿಂದಲ್ಲ, ಕಟ್ಟಡದಿಂದ. ಗೋಡೆ, ಕಿಟಕಿ, ಬಾಗಿಲು, ಮೇಜು ಎಲ್ಲಿರಬೇಕು ಎಂದು ಯಾರೋ ಒಬ್ಬರು ಎಂದೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನದೊಳಗೆ ನಾವು ಇಂದು ಕುಳಿತು ಓದುತ್ತಿರುತ್ತೇವೆ.

ಪರದೆಯ ಮೇಲೆ ಕಟ್ಟಡವೊಂದು ಕೆಲವು ಕ್ಷಣ ಕಾಣಿಸಿ ಮರೆಯಾಗುತ್ತದೆ. ಪುಟದಲ್ಲಿ ಅವಸರವಿಲ್ಲ. ಆದ್ದರಿಂದ ಒಂದು ಸಣ್ಣ ಊರಿನ ಒಂದೇ ಒಂದು ಗ್ರಂಥಾಲಯವನ್ನು ಆರಿಸಿಕೊಂಡು ಅದರ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕೋಣ. ಆ ಊರು ದೂರದ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್. ಲೋಕದಾದ್ಯಂತ ಕಟ್ಟಿದ ಎರಡೂವರೆ ಸಾವಿರ ಗ್ರಂಥಾಲಯಗಳಿಗೆ ಮೊದಲನೆಯದು ಅಲ್ಲಿ 1883ರಲ್ಲಿ ಬಾಗಿಲು ತೆರೆಯಿತು. ಅಲ್ಲಿಂದ ಹೊರಟ ದಾರಿಯ ಒಂದು ಕವಲು ನಮ್ಮ ಬೆಂಗಳೂರಿಗೂ ಬಂದು ಸೇರಿದೆ.

ನೇಕಾರರ ಊರು

ಡನ್‌ಫರ್ಮ್‌ಲಿನ್ ಇರುವುದು ಎಡಿನ್‌ಬರೋ ನಗರದ ವಾಯವ್ಯಕ್ಕೆ, ಸಮುದ್ರದ ಒಂದು ಚಾಚಿನ ಆಚೆ ದಡದಲ್ಲಿ. ಒಂದು ಕಾಲಕ್ಕೆ ಅದು ಸ್ಕಾಟ್ಲೆಂಡಿನ ರಾಜರ ಊರು. ಅಲ್ಲಿನ ಹಳೆಯ ಮಠದ ಚರ್ಚಿನಲ್ಲಿ ರಾಜ ರಾಬರ್ಟ್ ಬ್ರೂಸನ ಸಮಾಧಿಯಿದೆ. ರಾಜರು ಹೋದ ಮೇಲೆ ಊರಿಗೆ ಅನ್ನ ಕೊಟ್ಟದ್ದು ಮಗ್ಗ. ನಾರುಬಟ್ಟೆಯ ಮೇಲೆ ಹೂಬಳ್ಳಿಗಳನ್ನು ನೇಯುವ ಕುಸುರಿ ಕೆಲಸಕ್ಕೆ ಆ ಊರು ಹೆಸರಾಗಿತ್ತು. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮನೆಯೊಳಗೇ ಮಗ್ಗವಿದ್ದಂತೆ ಅಲ್ಲಿಯೂ ಕೆಳಗೆ ಮಗ್ಗ, ಮೇಲೆ ವಾಸ.

ಅಂಥದೊಂದು ಮನೆಯಲ್ಲಿ 1835ರ ನವೆಂಬರ್ 25ರಂದು ಆಂಡ್ರ್ಯೂ ಕಾರ್ನೆಗಿ ಹುಟ್ಟಿದರು. ತಂದೆ ವಿಲಿಯಂ ಕೈಮಗ್ಗದ ನೇಕಾರ. ಆ ಊರಿನ ಐವರು ನೇಕಾರರು ತಮ್ಮಲ್ಲಿದ್ದ ಕೆಲವೇ ಪುಸ್ತಕಗಳನ್ನು ಒಟ್ಟುಗೂಡಿಸಿ, ಊರಿಗೇ ಮೊದಲನೆಯದಾದ ಎರವಲು ಪುಸ್ತಕಾಲಯವನ್ನು ಆರಂಭಿಸಿದರಂತೆ. ಅವರಲ್ಲಿ ತಮ್ಮ ತಂದೆಯೂ ಒಬ್ಬರು ಎಂದು ಕಾರ್ನೆಗಿ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಪುಸ್ತಕಗಳು ಹೆಚ್ಚಿದಂತೆಲ್ಲ ಆ ಪುಸ್ತಕಾಲಯ ಏಳು ಬಾರಿ ಜಾಗ ಬದಲಿಸಿತು. ಮೊದಲ ಸಲ ಮಗ್ಗದ ಕೋಣೆಯಿಂದ ಸಾಗಿಸುವಾಗ ನೇಕಾರರು ಪುಸ್ತಕಗಳನ್ನು ತಮ್ಮ ಮುಂಗವಚದ ಮಡಿಲಿನಲ್ಲಿ ಮತ್ತು ಕಲ್ಲಿದ್ದಲು ತುಂಬುವ ಎರಡು ಡಬ್ಬಗಳಲ್ಲಿ ಹೊತ್ತೊಯ್ದರಂತೆ. ಡನ್‌ಫರ್ಮ್‌ಲಿನ್ನಿನಲ್ಲಿ ಕಟ್ಟಡಕ್ಕಿಂತ ಮುಂಚೆ ಗ್ರಂಥಾಲಯವಿತ್ತು, ಆದರೆ ಅದಕ್ಕೆ ನಿಲ್ಲಲು ನೆಲೆಯಿರಲಿಲ್ಲ.

ಉಗಿಯಂತ್ರದ ಮಗ್ಗಗಳು ಬಂದವು. ಕೈಮಗ್ಗದವರ ಕೆಲಸ ಹೋಯಿತು. 1848ರಲ್ಲಿ ಕಾರ್ನೆಗಿ ಕುಟುಂಬ ಸಾಲ ಮಾಡಿ ಹಡಗು ಹತ್ತಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದ ಅಲಿಗೇನಿ ಎಂಬ ಊರಿಗೆ ಹೋಯಿತು. ಹುಡುಗನಿಗೆ ಆಗ ಹನ್ನೆರಡು ವರ್ಷ. ಶಾಲೆ ಅಲ್ಲಿಗೆ ಮುಗಿಯಿತು.

ಎರಡು ಡಾಲರಿನ ಚಂದಾ

ಹತ್ತಿ ಗಿರಣಿಯಲ್ಲಿ ದುಡಿದು, ಬಳಿಕ ತಂತಿ ಕಚೇರಿಯಲ್ಲಿ ಸುದ್ದಿ ಮುಟ್ಟಿಸುವ ಹುಡುಗನಾಗಿ ಸೇರಿದ ಆಂಡ್ರ್ಯೂಗೆ ಪುಸ್ತಕ ಕೊಳ್ಳಲು ಕಾಸಿರಲಿಲ್ಲ. ಆ ಊರಿನಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬವರು ತಮ್ಮ ಮನೆಯ ನಾನೂರು ಪುಸ್ತಕಗಳನ್ನು ದುಡಿಯುವ ಹುಡುಗರಿಗಾಗಿ ತೆರೆದಿಟ್ಟಿದ್ದರು. ಶನಿವಾರ ಹೋಗಿ ಒಂದು ಪುಸ್ತಕ ತಂದರೆ ಮುಂದಿನ ಶನಿವಾರ ಅದನ್ನು ಕೊಟ್ಟು ಇನ್ನೊಂದು ತರಬಹುದು.

ಈ ಏರ್ಪಾಡು ಮುಂದೆ ವಿಸ್ತಾರವಾದಾಗ ಒಂದು ನಿಯಮ ಬಂತು. ಕಸುಬು ಕಲಿಯುತ್ತಿರುವ ಹುಡುಗರಿಗೆ ಉಚಿತ, ಉಳಿದವರು ವರ್ಷಕ್ಕೆ ಎರಡು ಡಾಲರ್ ಚಂದಾ ಕೊಡಬೇಕು. ತಂತಿ ಕಚೇರಿಯ ಹುಡುಗ ಕೈಕಸುಬಿನವನಲ್ಲ, ಆದ್ದರಿಂದ ಹಣ ತೆರಬೇಕು ಎಂದಾಯಿತು. 1853ರಲ್ಲಿ ಹದಿನೇಳರ ಆ ತರುಣ ಸುಮ್ಮನಿರದೆ ಪತ್ರಿಕೆಗೆ ಕಾಗದ ಬರೆದ. ದಾನಿಯ ಉದ್ದೇಶ ಅದಾಗಿರಲಿಲ್ಲ ಎಂದು ವಾದಿಸಿದ. ನಿಯಮ ಸಡಿಲವಾಯಿತು.

ಈ ಚಿಕ್ಕ ಪ್ರಸಂಗ ಮುಖ್ಯ. ಬಾಗಿಲು ತೆರೆದಿದ್ದರೂ ಒಳಗೆ ಹೋಗುವ ಹಕ್ಕು ಎಲ್ಲರಿಗೂ ಇರುತ್ತದೆಂದು ಹೇಳುವಂತಿಲ್ಲ ಎಂಬುದನ್ನು ಕಾರ್ನೆಗಿ ಅನುಭವದಿಂದ ಕಂಡುಕೊಂಡಿದ್ದರು. ಮುಂದೆ ರೈಲು, ಕಬ್ಬಿಣ, ಉಕ್ಕು ಎಂದು ಬೆಳೆದು ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರಾದಾಗ ಅವರು ಗ್ರಂಥಾಲಯಗಳನ್ನೇ ದಾನಕ್ಕೆ ಆರಿಸಿಕೊಂಡದ್ದಕ್ಕೆ ಈ ಹಿನ್ನೆಲೆಯಿದೆ.

ಕಟ್ಟಡ ದಾನಿಯದು, ಪುಸ್ತಕ ಊರಿನದು

ಮೊದಲ ದಾನ ಹುಟ್ಟೂರಿಗೆ. ಡನ್‌ಫರ್ಮ್‌ಲಿನ್ನಿನ ಗ್ರಂಥಾಲಯಕ್ಕೆ ಕಾರ್ನೆಗಿ ಕೊಟ್ಟದ್ದು 8,000 ಪೌಂಡು. 1881ರ ಜುಲೈ 27ರಂದು ಅವರ ತಾಯಿ ಮಾರ್ಗರೆಟ್ ಅಡಿಗಲ್ಲು ಇಟ್ಟರು. ಮೂವತ್ತಮೂರು ವರ್ಷದ ಹಿಂದೆ ಕೈ ಬರಿದಾಗಿ ಊರು ಬಿಟ್ಟಿದ್ದ ನೇಕಾರನ ಹೆಂಡತಿ ಅದೇ ಊರಿಗೆ ಬಂದು ಅಡಿಗಲ್ಲು ಇಟ್ಟಳೆಂದರೆ ಊರಿನವರಿಗೆ ಹೇಗೆ ಅನಿಸಿರಬೇಕು, ನೀವೇ ಊಹಿಸಿ. 1883ರ ಆಗಸ್ಟ್ 29ರಂದು ಗ್ರಂಥಾಲಯ ತೆರೆಯಿತು.

ಆದರೆ ಈ ದಾನಕ್ಕೆ ಒಂದು ಷರತ್ತಿತ್ತು. ಕಟ್ಟಡಕ್ಕೆ ನಾನು ಹಣ ಕೊಡುತ್ತೇನೆ, ನಡೆಸುವ ಹೊಣೆ ಊರು ಹೊರಬೇಕು. ಅದಕ್ಕೆ ಕಾನೂನಿನ ದಾರಿಯೂ ಇತ್ತು. ಆ ಕಾಲದ ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಪ್ರತಿ ಊರಿಗೂ ತಾನಾಗಿ ಅನ್ವಯಿಸುತ್ತಿರಲಿಲ್ಲ. ಊರಿನವರು ಒಪ್ಪಿ ಅಂಗೀಕರಿಸಬೇಕಿತ್ತು. ಅಂಗೀಕರಿಸಿದರೆ ಮನೆ ಕಂದಾಯದ ಜೊತೆಗೆ ಪೌಂಡಿಗೆ ಒಂದು ಪೆನ್ನಿಯಂತೆ ಗ್ರಂಥಾಲಯ ತೆರಿಗೆ ಹಾಕಬಹುದು. ಒಂದು ಪೌಂಡಿಗೆ ಆಗ 240 ಪೆನ್ನಿ. ವರ್ಷಕ್ಕೆ ಹತ್ತು ಪೌಂಡು ಬಾಡಿಗೆ ಬೆಲೆಯ ಮನೆಯವನು ಹೆಚ್ಚೆಂದರೆ ಹತ್ತು ಪೆನ್ನಿ ಕೊಡಬೇಕು. ಚಿಲ್ಲರೆ ಕಾಸೇ ನಿಜ. ಆದರೂ ಅನೇಕ ಊರುಗಳಲ್ಲಿ ತೆರಿಗೆದಾರರು ಇದನ್ನು ವಿರೋಧಿಸಿದರು. ಡನ್‌ಫರ್ಮ್‌ಲಿನ್ ಒಪ್ಪಿತು, ಕಟ್ಟಡ ಎದ್ದಿತು.

ಹೀಗೆ ಷರತ್ತು ಹಾಕಿದ್ದರಲ್ಲಿ ಒಂದು ವಿವೇಕವಿದೆ. ಪೂರ್ತಿ ದಾನದಿಂದ ನಡೆಯುವ ಸಂಸ್ಥೆ ದಾನಿಯ ಹಣ ನಿಂತ ದಿನ ನಿಲ್ಲುತ್ತದೆ. ತಾನು ಕೊಟ್ಟ ಕಾಸಿನಿಂದ ನಡೆಯುತ್ತಿರುವುದರ ಮೇಲೆ ಊರಿಗೆ ಹಕ್ಕು ಇರುತ್ತದೆ, ಕೇಳುವ ಬಾಯಿಯೂ ಇರುತ್ತದೆ.

ಒಳಗೆ ಬಂದು ನೋಡಿ

ಕಟ್ಟಡದ ವಾಸ್ತುಶಿಲ್ಪಿ ಜೇಮ್ಸ್ ಕ್ಯಾಂಪ್‌ಬೆಲ್ ವಾಕರ್. ಊರಿನ ಪುರಸಭೆಯ ಕಟ್ಟಡವನ್ನು ರೂಪಿಸಿದವರೂ ಅವರೇ. ಗ್ರಂಥಾಲಯಕ್ಕೆ ದೊರೆತ ನಿವೇಶನ ಹಳೆಯ ಮಠಕ್ಕೆ ಹತ್ತಿರದಲ್ಲಿತ್ತು. ಅಕ್ಕಪಕ್ಕದ ಹಳೆಯ ಕಟ್ಟಡಗಳಿಗೆ ಒಗ್ಗುವ ಹಾಗೆ ಕಲ್ಲಿನ ಗೋಡೆಗಳ, ಸ್ಕಾಟ್ಲೆಂಡಿನ ಹಿಂದಿನ ಕಾಲದ ಮನೆಗಳನ್ನು ನೆನಪಿಸುವ ಕಟ್ಟಡವನ್ನು ಅವರು ಕಟ್ಟಿದರು.

ಬಾಗಿಲ ಮೇಲೆ ದಾನಿಯ ವಂಶಲಾಂಛನ ಕೆತ್ತುವುದು ಅಲ್ಲಿನ ವಾಡಿಕೆ. ವಾಸ್ತುಶಿಲ್ಪಿ ಕೇಳಿದಾಗ ಕಾರ್ನೆಗಿ, ತಮಗೆ ಲಾಂಛನವಿಲ್ಲವೆಂದು ಹೇಳಿ, ಅದರ ಬದಲು ಕಿರಣ ಚೆಲ್ಲುವ ಉದಯಸೂರ್ಯನನ್ನು ಕೆತ್ತಿ, ಕೆಳಗೆ ‘ಬೆಳಕಾಗಲಿ’ ಎಂಬ ಬೈಬಲ್ಲಿನ ಮಾತನ್ನು ಬರೆಯಬಹುದೆಂದು ಸೂಚಿಸಿದರು. ಮುಂದೆ ಬಂದ ಅನೇಕ ಗ್ರಂಥಾಲಯಗಳ ಬಾಗಿಲ ಮೇಲೆ ಇದೇ ಚಿಹ್ನೆ, ಇದೇ ಮಾತು ಕಾಣಿಸಿಕೊಂಡವು.

ಒಳಗೆ ಪುಸ್ತಕ ವಿತರಣೆಯ ಕೋಣೆ, ಗಂಡಸರಿಗೆ ಒಂದು ವಾಚನಾಲಯ, ಹೆಂಗಸರಿಗೆ ಬೇರೊಂದು, ವಿರಾಮದ ಕೋಣೆ, ಧೂಮಪಾನಕ್ಕೊಂದು ಕೋಣೆ, ಗ್ರಂಥಪಾಲಕರ ವಾಸಕ್ಕೆ ಮನೆ. ಈ ಪಟ್ಟಿಯನ್ನು ಓದಿದರೆ ಆ ಕಾಲದ ಸಮಾಜವೇ ಎದುರು ನಿಂತಂತೆ ಆಗುತ್ತದೆ. ಹೆಂಗಸರ ವಾಚನಾಲಯ ಎಂಬುದು ಇಂದು ನಮಗೆ ಪ್ರತ್ಯೇಕಿಸಿ ಕೂರಿಸಿದಂತೆ ತೋರಬಹುದು. ಅಂದು ಅದು, ಗಂಡಸರು ತುಂಬಿದ ಪತ್ರಿಕಾ ಕೋಣೆಗೆ ಕಾಲಿಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಊರಿನ ಸಾರ್ವಜನಿಕ ಕಟ್ಟಡದಲ್ಲಿ ಸಿಕ್ಕ ಒಂದು ಕುರ್ಚಿಯೂ ಆಗಿತ್ತು. ವಿರಾಮದ ಕೋಣೆಗೂ ಕಾರಣವಿದೆ. ದುಡಿದು ಬಂದವನನ್ನು ಹೆಂಡದಂಗಡಿಯಿಂದ ಈ ಕಡೆಗೆ ಸೆಳೆಯಬೇಕಾದರೆ ಬರೀ ಗ್ರಂಥ ಸಾಲದು ಎಂದು ಅಂದಿನ ಸುಧಾರಕರು ನಂಬಿದ್ದರು.

ಕಟಕಟೆಯ ಆಚೆ, ಈಚೆ

ಆ ಕಾಲದ ಗ್ರಂಥಾಲಯಗಳಲ್ಲಿ ನೀವು ಕಾಣದಿದ್ದ ಒಂದು ದೃಶ್ಯವೆಂದರೆ, ಓದುಗ ಕಪಾಟಿನ ಮುಂದೆ ನಿಂತು ಪುಸ್ತಕ ತಿರುವುವುದು. ಪುಸ್ತಕಗಳೆಲ್ಲ ಕಟಕಟೆಯ ಆಚೆ, ಓದುಗ ಈಚೆ. ಪಟ್ಟಿ ನೋಡಿ, ಸಂಖ್ಯೆ ಬರೆದುಕೊಟ್ಟು ಕಾಯಬೇಕು. ಬ್ರಿಟನ್ನಿನ ಅನೇಕ ಗ್ರಂಥಾಲಯಗಳಲ್ಲಿ ‘ಸೂಚಕ’ ಎಂಬ ದೊಡ್ಡ ಹಲಗೆಯೊಂದು ಇರುತ್ತಿತ್ತು. ಅದರಲ್ಲಿ ಪುಸ್ತಕದ ಸಂಖ್ಯೆಗೊಂದರಂತೆ ಚಿಕ್ಕ ಚಿಕ್ಕ ಗೂಡುಗಳು. ಬಣ್ಣ ನೋಡಿ ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ತಿಳಿಯಬೇಕು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಹೆಸರು ಗೊತ್ತಿರುವ ಪುಸ್ತಕವನ್ನು ಕೇಳಬಹುದು. ಹೆಸರೇ ಗೊತ್ತಿಲ್ಲದ, ಆದರೆ ಕಂಡರೆ ಮನಸ್ಸಿಗೆ ಹಿಡಿಸುವ ಪುಸ್ತಕವನ್ನು ಕೇಳುವುದು ಹೇಗೆ? ಹೊಸದಾಗಿ ಓದಲು ಬಂದವನಿಗೆ ಈ ಕಟಕಟೆ ನಿಜವಾದ ಅಡ್ಡಗೋಡೆ. ಕಳ್ಳತನವಾಗುತ್ತದೆ, ಪುಸ್ತಕಗಳು ಜಾಗ ತಪ್ಪುತ್ತವೆ ಎಂಬುದು ಗ್ರಂಥಪಾಲಕರ ಭಯ. ಬ್ರಿಟನ್ನಿನಲ್ಲಿ ಈ ಭಯವನ್ನು ಮೀರಿ 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬವರು ಓದುಗರನ್ನು ಕಪಾಟುಗಳ ನಡುವೆ ಬಿಟ್ಟರು. ಅದಕ್ಕಾಗಿ ಕಪಾಟುಗಳನ್ನು ವಿಷಯವಾರು ಜೋಡಿಸಬೇಕಾಯಿತು, ಅವುಗಳ ನಡುವೆ ಓಡಾಡಲು ಜಾಗ ಬಿಡಬೇಕಾಯಿತು, ಎಲ್ಲರೂ ಒಂದೇ ಮೇಜನ್ನು ದಾಟಿ ಹೋಗಿ ಬರುವ ಹಾಗೆ ಬಾಗಿಲನ್ನು ಅಣಿಗೊಳಿಸಬೇಕಾಯಿತು. ಓದುಗನ ಮೇಲೆ ನಂಬಿಕೆ ಇಟ್ಟದ್ದೇ ಕಟ್ಟಡದ ನಕ್ಷೆ ಬದಲಾಯಿತು.

ಅಲಂಕಾರಕ್ಕೆ ಕತ್ತರಿ

ಈ ಬದಲಾವಣೆ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಸಣ್ಣ ಊರುಗಳಲ್ಲಿ. ಮೊದಮೊದಲು ಕಾರ್ನೆಗಿ ತಮ್ಮ ಕಾರ್ಖಾನೆಗಳಿದ್ದ ಊರುಗಳಿಗೆ ಭಾರಿ ಕಟ್ಟಡಗಳನ್ನು ಕೊಟ್ಟರು. 1889ರಲ್ಲಿ ತೆರೆದ ಬ್ರಾಡಕ್ ಗ್ರಂಥಾಲಯದಲ್ಲಿ ಕಾರ್ಮಿಕರಿಗೆ ಸ್ನಾನದ ಮನೆಯೂ ಇತ್ತು. 1892ರಲ್ಲಿ ತಮಗೆ ಯಾವ ನಂಟೂ ಇಲ್ಲದ ಅಯೋವಾ ಪ್ರಾಂತ್ಯದ ಫೇರ್‌ಫೀಲ್ಡ್ ಎಂಬ ಸಣ್ಣ ಊರಿಗೆ ಹಣ ಕೊಟ್ಟರು. ಅಲ್ಲಿಂದ ಮುಂದೆ ಅರ್ಜಿಗಳ ಮಹಾಪೂರ.

ಈ ಪೂರವನ್ನು ನಿಭಾಯಿಸಿದವರು ಅವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಂ. ಅವರ ಲೆಕ್ಕ ಸರಳ. ಊರಿನ ಜನಸಂಖ್ಯೆಗೆ ತಲೆಗೆ ಸುಮಾರು ಎರಡು ಡಾಲರಿನಂತೆ ಕಟ್ಟಡದ ಹಣ. ನಿವೇಶನ ಊರಿನದು. ಕೊಟ್ಟ ಹಣದ ಹತ್ತನೆಯ ಒಂದು ಭಾಗವನ್ನು ಊರು ಪ್ರತಿವರ್ಷ ತೆರಿಗೆಯಿಂದ ಖರ್ಚು ಮಾಡಬೇಕು. ಐದು ಸಾವಿರ ಜನರ ಊರಾದರೆ ಹತ್ತು ಸಾವಿರ ಡಾಲರಿನ ಕಟ್ಟಡ, ವರ್ಷಕ್ಕೆ ಒಂದು ಸಾವಿರ ಡಾಲರು ಊರಿನ ಖರ್ಚು. ಅದರಲ್ಲೇ ಗ್ರಂಥಪಾಲಕರ ಸಂಬಳ, ಚಳಿಗಾಲದ ಕಲ್ಲಿದ್ದಲು, ದೀಪ, ಹೊಸ ಪುಸ್ತಕ ಎಲ್ಲವೂ ಆಗಬೇಕು.

ಊರುಗಳು ಕಳುಹಿಸಿದ ನಕ್ಷೆಗಳನ್ನು ನೋಡಿ ಬರ್ಟ್ರಂ ತಲೆಯ ಮೇಲೆ ಕೈಹೊತ್ತರು. ಹಣವೆಲ್ಲ ಕಂಬ, ಗುಮ್ಮಟ, ಅಗಲವಾದ ಮೊಗಸಾಲೆ, ಅಗ್ಗಿಷ್ಟಿಕೆಗಳಿಗೆ ಹೋಗುತ್ತಿತ್ತು. ಪುಸ್ತಕಕ್ಕೆ, ಓದುವವರಿಗೆ ಉಳಿಯುತ್ತಿದ್ದ ಜಾಗ ಸ್ವಲ್ಪವೇ. 1911ರಲ್ಲಿ ಅವರು ಒಂದು ಚಿಕ್ಕ ಕೈಪಿಡಿ ಮುದ್ರಿಸಿ ಹಂಚಿದರು. ಅದರಲ್ಲಿ ಆರು ಮಾದರಿ ನಕ್ಷೆಗಳಿದ್ದವು. ಹೊರಗಿನ ಮುಖ ಹೇಗಿರಬೇಕೆಂದು ಅವರು ಹೇಳಲಿಲ್ಲ, ಒಳಗು ಹೇಗಿರಬೇಕೆಂದು ಹೇಳಿದರು. ಅದರ ಸಾರ ಹೀಗಿದೆ.

ಒಂದು ಮುಖ್ಯ ಅಂತಸ್ತು, ಅದರ ಕೆಳಗೆ ಅರ್ಧ ನೆಲದೊಳಗೆ ಹುದುಗಿದ ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಭಾಷಣದ ಕೋಣೆ, ಕಟ್ಟಡ ಬೆಚ್ಚಗಿಡುವ ಒಲೆ, ಶೌಚಾಲಯ. ಮೇಲೆ ಒಂದೇ ದೊಡ್ಡ ಕೋಣೆ, ಎತ್ತರ 12ರಿಂದ 15 ಅಡಿ. ನಡುವೆ ಗೋಡೆಗಳು ಬೇಡ. ವಿಭಾಗ ಮಾಡಲೇಬೇಕಾದರೆ ತಗ್ಗಾದ ಪುಸ್ತಕದ ಕಪಾಟುಗಳಿಂದಲೇ ಮಾಡಿ. ಒಂದು ಬದಿ ದೊಡ್ಡವರಿಗೆ, ಇನ್ನೊಂದು ಬದಿ ಮಕ್ಕಳಿಗೆ, ಬಾಗಿಲಿಗೆ ಎದುರಾಗಿ ಗ್ರಂಥಪಾಲಕರ ಮೇಜು. ಅಲ್ಲಿ ಕುಳಿತ ಒಬ್ಬರೇ ಇಡೀ ಕೋಣೆಯ ಮೇಲೆ ಕಣ್ಣಿಡಬಹುದು. ಪಕ್ಕದ ಮತ್ತು ಹಿಂಬದಿಯ ಕಿಟಕಿಗಳು ನೆಲದಿಂದ ಸುಮಾರು ಆರು ಅಡಿ ಎತ್ತರದಲ್ಲಿರಲಿ. ಆಗ ಅವುಗಳ ಕೆಳಗೆ ಗೋಡೆಯುದ್ದಕ್ಕೂ ಕಪಾಟು ನಿಲ್ಲುತ್ತದೆ, ಬೆಳಕು ಮೇಲಿನಿಂದ ಮೇಜಿನ ನಡುವಿನವರೆಗೂ ಬೀಳುತ್ತದೆ.

ಓದುಗರೇ, ಇಲ್ಲಿನ ಒಂದೊಂದು ಅಳತೆಯ ಹಿಂದೆಯೂ ಹಣದ ಲೆಕ್ಕವಿದೆ ಎಂಬುದನ್ನು ಗಮನಿಸಿ. ಸಣ್ಣ ಊರಿಗೆ ಒಬ್ಬ ಗ್ರಂಥಪಾಲಕರ ಸಂಬಳಕ್ಕಿಂತ ಹೆಚ್ಚು ಕೊಡಲು ಸಾಧ್ಯವಿಲ್ಲ. ಆದ್ದರಿಂದ ಕಟ್ಟಡ ಒಬ್ಬರೇ ನಡೆಸುವಂತಿರಬೇಕು. ಹಾಗಾಗಿಯೇ ಗೋಡೆಗಳು ಮಾಯವಾದವು. ಗೋಡೆಗಳು ಮಾಯವಾದದ್ದರಿಂದ ಹೆಂಗಸರ ಕೋಣೆ, ಗಂಡಸರ ಕೋಣೆ ಎಂಬ ಭೇದ ಅಳಿಯಿತು, ಮಕ್ಕಳಿಗೆ ಒಂದು ಬದಿ ದೊರೆಯಿತು, ಕಪಾಟುಗಳು ಎಲ್ಲರ ಕೈಗೆ ಬಂದವು. ಮಿತವ್ಯಯಕ್ಕೆಂದು ಮಾಡಿದ ನಕ್ಷೆ ಸಮಾನತೆಗೆ ದಾರಿ ಮಾಡಿತು.

ಆದರೆ ಅದೇ ನಕ್ಷೆ ಇನ್ನೊಂದು ತೊಡಕನ್ನೂ ತಂದಿತು. ನೆಲಮಾಳಿಗೆಗೆ ಗಾಳಿ ಬೆಳಕು ಬೇಕೆಂದರೆ ಅದು ಅರ್ಧ ನೆಲದ ಮೇಲಿರಬೇಕು. ಆಗ ಮುಖ್ಯ ಅಂತಸ್ತು ಆಳೆತ್ತರಕ್ಕೆ ಏರುತ್ತದೆ. ಮುಂಬಾಗಿಲಿಗೆ ಹತ್ತು ಹನ್ನೆರಡು ಮೆಟ್ಟಿಲು ಬರುತ್ತವೆ. ಜ್ಞಾನದ ಕಡೆಗೆ ಏರುವ ಸೋಪಾನ ಎಂದು ಆ ಮೆಟ್ಟಿಲುಗಳನ್ನು ಕವಿಗಳಂತೆ ಹೊಗಳಿದವರಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮೊಣಕಾಲು ನೋಯುವ ವೃದ್ಧರಿಗೆ ಅದು ಮುಚ್ಚಿದ ಬಾಗಿಲೇ. 1990ರಲ್ಲಿ ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದ ಮೇಲೆ ಇಂಥ ಅನೇಕ ಊರುಗಳು ಹಳೆಯ ಕಟ್ಟಡಕ್ಕೆ ಇಳಿಜಾರು ದಾರಿ, ಲಿಫ್ಟು ಕೂಡಿಸಬೇಕಾಯಿತು.

ದಾನದ ಇನ್ನೊಂದು ಮುಖ

ಈ ಕಟ್ಟಡಗಳನ್ನು ಎಲ್ಲರೂ ಹೂಹಾರ ಹಿಡಿದು ಸ್ವಾಗತಿಸಲಿಲ್ಲ ಎಂಬುದನ್ನೂ ಹೇಳಬೇಕು. 1892ರಲ್ಲಿ ಕಾರ್ನೆಗಿಯವರ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದು, ಆಡಳಿತ ಕರೆಸಿದ ಖಾಸಗಿ ಕಾವಲುಪಡೆಗೂ ಕಾರ್ಮಿಕರಿಗೂ ಗುಂಡಿನ ಕಾಳಗವಾಗಿ ಎರಡೂ ಕಡೆ ಸಾವುಗಳಾದವು. ಕಾರ್ಮಿಕರ ಸಂಘ ಮುರಿಯಿತು. ಅದೇ ಊರಿನಲ್ಲಿ 1898ರಲ್ಲಿ ಭವ್ಯವಾದ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ದುಡಿದು ಬಂದವನು ಯಾವ ಹೊತ್ತಿನಲ್ಲಿ ಓದಬೇಕು ಎಂದು ಕಾರ್ಮಿಕರು ಕೇಳಿದರು. ಈ ಪ್ರಶ್ನೆಗೆ ಕಟ್ಟಡದ ಬಳಿ ಉತ್ತರವಿರಲಿಲ್ಲ. ಕೆಲವು ಊರುಗಳು ಈ ಹಣವೇ ಬೇಡವೆಂದವು.

ಎಲ್ಲರಿಗೂ ಉಚಿತ ಎಂಬ ಮಾತಿಗೂ ಮಿತಿಯಿತ್ತು. ಅಮೆರಿಕದ ದಕ್ಷಿಣ ಭಾಗದಲ್ಲಿ ಕಪ್ಪು ಜನರಿಗೆ ಈ ಬಾಗಿಲುಗಳು ತೆರೆಯಲಿಲ್ಲ. 1902ರಲ್ಲಿ ಅಟ್ಲಾಂಟ ನಗರದ ಗ್ರಂಥಾಲಯ ಆರಂಭವಾದಾಗ ಪ್ರಸಿದ್ಧ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ಇದನ್ನು ಪ್ರತಿಭಟಿಸಿದರು. ಲೂಯಿವಿಲ್ ನಗರದಲ್ಲಿ ಕಪ್ಪು ಜನರಿಗಾಗಿಯೇ ಬೇರೆ ಶಾಖೆಯ ಕಟ್ಟಡವನ್ನು 1908ರಲ್ಲಿ ಕಾರ್ನೆಗಿ ಹಣದಿಂದ ಕಟ್ಟಲಾಯಿತು. ಊರಿನ ಒಂದೇ ಕೆರೆಗೆ ಎಲ್ಲರನ್ನೂ ಬಿಡದ ಚರಿತ್ರೆಯನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಊರುಗಳೂ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲಿಲ್ಲ. ಅಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಊರೂರು ಸುತ್ತಿ ಕೊಟ್ಟ ವರದಿ, ಕಟ್ಟಡವಿದೆ, ಆದರೆ ಅದನ್ನು ನಡೆಸಲು ತಕ್ಕ ಗ್ರಂಥಪಾಲಕರಿಲ್ಲ, ಪುಸ್ತಕಕ್ಕೆ ಹಣವಿಲ್ಲ ಎಂಬ ಸ್ಥಿತಿಯನ್ನು ಬಯಲಿಗೆ ತಂದಿತು. ಕಟ್ಟಡಕ್ಕಿಂತ ಗ್ರಂಥಪಾಲಕರ ತರಬೇತಿಗೆ ಹಣ ಕೊಡುವುದು ಮೇಲು ಎಂಬುದು ಅವರ ಸಲಹೆ. 1917ರ ಬಳಿಕ ಅಮೆರಿಕದಲ್ಲಿ ಹೊಸ ಕಟ್ಟಡಗಳಿಗೆ ಹಣ ಮಂಜೂರು ಮಾಡುವುದು ನಿಂತಿತು. ಅಷ್ಟರಲ್ಲಿ ಲೋಕದಲ್ಲಿ ಒಟ್ಟು 2,509 ಗ್ರಂಥಾಲಯಗಳಿಗೆ ಕಾರ್ನೆಗಿ ಹಣ ಸಂದಿತ್ತು. ಇವುಗಳಲ್ಲಿ 1,679 ಅಮೆರಿಕದಲ್ಲಿ, ಸುಮಾರು 660 ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ.

ಬೆಂಗಳೂರಿಗೆ ಬಂದ ದಾರಿ

ಕಟ್ಟಡದಿಂದ ಮನುಷ್ಯರ ಕಡೆಗೆ ತಿರುಗಿದ ಈ ಹಣದ ಒಂದು ಪಾಲಿನಿಂದಲೇ ನಮ್ಮ ನಂಟು ಆರಂಭವಾಗುತ್ತದೆ. 1913ರಲ್ಲಿ ಡನ್‌ಫರ್ಮ್‌ಲಿನ್ನಿನಲ್ಲಿ ಕಾರ್ನೆಗಿ ಯುಕೆ ಟ್ರಸ್ಟ್ ಸ್ಥಾಪನೆಯಾಯಿತು. 1919ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಪಾಲನ ಶಾಲೆ ತೆರೆಯಲು ಆ ಟ್ರಸ್ಟ್ ನೆರವು ನೀಡಿತು. ಐದು ವರ್ಷದ ಬಳಿಕ ಆ ಶಾಲೆಗೆ ಮದ್ರಾಸಿನಿಂದ ಒಬ್ಬ ಗಣಿತದ ಅಧ್ಯಾಪಕರು ಬಂದರು. ಮದ್ರಾಸ್ ವಿಶ್ವವಿದ್ಯಾಲಯ ಅವರನ್ನು 1924ರಲ್ಲಿ ಗ್ರಂಥಪಾಲಕರನ್ನಾಗಿ ನೇಮಿಸಿ ತರಬೇತಿಗೆಂದು ಕಳುಹಿಸಿತ್ತು. ಅವರೇ ಎಸ್. ಆರ್. ರಂಗನಾಥನ್.

ಇಂಗ್ಲೆಂಡಿನಲ್ಲಿ ಅವರು ತರಗತಿಗಿಂತ ಹೆಚ್ಚಾಗಿ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಲಂಡನ್ ಬಳಿಯ ಕ್ರಾಯ್ಡನ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಬರ್ವಿಕ್ ಸೇಯರ್ಸ್ ಅವರ ಬಳಿ ಕೆಲಸ ಕಲಿತರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. ಈ ಒಂದು ಮಾತಿನಿಂದಲೇ ಅವರು ಕಟ್ಟಡ ಊರಿನಲ್ಲಿ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು ಎಂಬುದನ್ನೆಲ್ಲ ಹೊರತೆಗೆದರು. ತೆರೆದ ಕಪಾಟು ಬೇಕೆಂದು ಪಟ್ಟು ಹಿಡಿದವರೂ ಅವರೇ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಅವರ ಹುಟ್ಟುಹಬ್ಬವೆಂದು ಆಚರಿಸುವ ಆಗಸ್ಟ್ 12 ನಮ್ಮಲ್ಲಿ ಗ್ರಂಥಪಾಲಕರ ದಿನ.

ಗ್ರಂಥಾಲಯ ದಾನದಿಂದಲ್ಲ, ಕಾನೂನಿನಿಂದ ನಿಲ್ಲಬೇಕು ಎಂದು ರಂಗನಾಥನ್ ಜೀವನವಿಡೀ ವಾದಿಸಿದರು. 1948ರಲ್ಲಿ ಮದ್ರಾಸಿನಲ್ಲಿ, 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಅದರಲ್ಲಿ ಗ್ರಂಥಾಲಯ ಕರದ ಏರ್ಪಾಡಿದೆ. ನಿಮ್ಮ ಮನೆಯ ಆಸ್ತಿ ತೆರಿಗೆಯ ಜೊತೆಗೆ ಸೇರಿಬರುವ ಈ ಕರ, ಡನ್‌ಫರ್ಮ್‌ಲಿನ್ನಿನ ನೇಕಾರರು ಕೊಟ್ಟ ಒಂದು ಪೆನ್ನಿಯ ಒಡಹುಟ್ಟಿದ್ದೇ ಸರಿ. ಅಲ್ಲಿ ಸೂರ್ಯನನ್ನು ಕೆತ್ತಿದರು. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಚೆಗೆ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಆಶಯ ಒಂದೇ.

ಹಳೆಯ ಗೋಡೆಗೆ ಹೊಸ ಜೋಡಣೆ

ಡನ್‌ಫರ್ಮ್‌ಲಿನ್ನಿನ ಕಟ್ಟಡಕ್ಕೆ ಮುಂದೇನಾಯಿತು? ಊರಿನ ಓದಿನ ಹಸಿವಿಗೆ ಅದು ಬೇಗನೆ ಚಿಕ್ಕದಾಯಿತು. ವಿಸ್ತರಣೆಯ ಕೆಲಸ ಮೊದಲ ಮಹಾಯುದ್ಧದಿಂದಾಗಿ ತಡವಾಗಿ, ಜೇಮ್ಸ್ ಶಿಯರರ್ ರೂಪಿಸಿದ ಹೊಸ ಭಾಗ 1922ರಲ್ಲಿ ತೆರೆಯಿತು. 1993ರಲ್ಲಿ ಮತ್ತೊಮ್ಮೆ ಬೆಳೆಯಿತು. 2017ರಲ್ಲಿ ರಿಚರ್ಡ್ ಮರ್ಫಿ ಅವರ ವಾಸ್ತುಶಿಲ್ಪ ಸಂಸ್ಥೆ ರೂಪಿಸಿದ ದೊಡ್ಡ ಜೋಡಣೆ ಸೇರಿಕೊಂಡು, ಗ್ರಂಥಾಲಯದ ಪಕ್ಕದಲ್ಲೇ ವಸ್ತುಸಂಗ್ರಹಾಲಯ, ಕಲಾ ಗ್ಯಾಲರಿ, ಊರಿನ ಚರಿತ್ರೆಯ ಓದುಕೋಣೆ ಬಂದವು. ಹಳೆಯ ಕಟ್ಟಡವನ್ನು ಕೆಡವಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ನಡುವೆ ಮೇಲಿನಿಂದ ಬೆಳಕು ಬೀಳುವ ಒಳಬೀದಿಯಂಥ ದಾರಿಯೊಂದನ್ನು ಇಟ್ಟರು. ಓದುವವರು ತಲೆಯೆತ್ತಿದರೆ ಕಿಟಕಿಯಲ್ಲಿ ಪುರಾತನ ಮಠ ಕಾಣುವಂತೆ ಮಾಡಿದರು. ಡನ್‌ಫರ್ಮ್‌ಲಿನ್‌ಗೆ 2022ರಲ್ಲಿ ನಗರ ಎಂಬ ಪದವಿ ದೊರೆಯಿತು. ಬಾಗಿಲ ಮೇಲಿನ ಸೂರ್ಯ ಅಲ್ಲೇ ಇದ್ದಾನೆ.

ಎಲ್ಲ ಕಟ್ಟಡಗಳಿಗೂ ಈ ಅದೃಷ್ಟವಿರಲಿಲ್ಲ. ಅಮೆರಿಕದಲ್ಲಿ ಕಾರ್ನೆಗಿ ಗ್ರಂಥಾಲಯಗಳು ಹಲವು ನೆಲಸಮವಾದವು. ಹಲವು ಕಚೇರಿಗಳಾದವು, ಅಂಗಡಿಗಳಾದವು. ಉಳಿದವನ್ನು ಉಳಿಸಿದ್ದು ಹೆಚ್ಚಾಗಿ, ಅದು ನಮ್ಮದು ಎಂದು ಎದ್ದುನಿಂತ ಊರಿನವರೇ.

ನಿಮ್ಮ ಊರಿನ ಗ್ರಂಥಾಲಯವನ್ನು ಹೀಗೆ ನೋಡಿ

ಮುಂದಿನ ಸಲ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ಪತ್ರಿಕೆ ಹಿಡಿಯುವ ಮುನ್ನ ಹತ್ತು ನಿಮಿಷ ಕಟ್ಟಡಕ್ಕೆ ಕೊಡಿ.

ಬಾಗಿಲು ರಸ್ತೆಯಿಂದ ಕಾಣುತ್ತದೆಯೇ? ಹೊಸಬರಿಗೆ ಕೇಳದೆ ಸಿಗುತ್ತದೆಯೇ?

ಮೆಟ್ಟಿಲುಗಳೆಷ್ಟು? ಹತ್ತಲಾರದವರಿಗೆ ಬೇರೆ ದಾರಿಯಿದೆಯೇ?

ಮಧ್ಯಾಹ್ನ ದೀಪವಿಲ್ಲದೆ ಓದಬಹುದೇ? ಬೆಳಕು ಯಾವ ಕಡೆಯಿಂದ ಬರುತ್ತದೆ? ಮಳೆಗಾಲದಲ್ಲಿ ಯಾವ ಗೋಡೆ ತೇವವಾಗುತ್ತದೆ, ಆ ಗೋಡೆಗೆ ಒರಗಿಸಿ ಪುಸ್ತಕ ಇಟ್ಟಿದ್ದಾರೆಯೇ?

ಕಪಾಟುಗಳು ತೆರೆದಿವೆಯೇ, ಬೀಗ ಹಾಕಿವೆಯೇ? ಮೇಲಿನ ಸಾಲು ಕೈಗೆ ಎಟುಕುತ್ತದೆಯೇ?

ಮಕ್ಕಳಿಗೆ ಅವರ ಎತ್ತರದ ಕುರ್ಚಿ ಮೇಜು ಉಂಟೇ? ಸಂಜೆ ಹೊತ್ತು ಹೆಣ್ಣುಮಕ್ಕಳು ಅಲ್ಲಿ ಕುಳಿತಿರುವುದನ್ನು ಕಂಡಿದ್ದೀರಾ? ಅವರಿಗೆ ಶೌಚಾಲಯವಿದೆಯೇ?

ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗುವ ಹೊತ್ತಿನಲ್ಲಿ ಅದು ತೆರೆದಿರುತ್ತದೆಯೇ?

ಗೋಡೆಯಲ್ಲಿ ಅಡಿಗಲ್ಲಿನ ಫಲಕವಿದ್ದರೆ ಅದರ ವರ್ಷವನ್ನೂ ಹೆಸರುಗಳನ್ನೂ ಬರೆದುಕೊಳ್ಳಿ. ಊರಿನ ಹಿರಿಯರಲ್ಲಿ ವಿಚಾರಿಸಿ. ನಿವೇಶನ ಯಾರು ಕೊಟ್ಟರು, ಕಲ್ಲು ಎಲ್ಲಿಂದ ಬಂತು, ಮೊದಲ ಪುಸ್ತಕಗಳು ಯಾರ ಮನೆಯವು ಎಂಬುದು ಇನ್ನೂ ಕೆಲವರ ನೆನಪಿನಲ್ಲಿ ಇರಬಹುದು. ಅದನ್ನು ಬರೆದಿಡದಿದ್ದರೆ ಮುಂದಿನವರಿಗೆ ಸಿಗುವುದಿಲ್ಲ.

ಈ ಪ್ರಶ್ನೆಗಳಿಗೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಬಂದರೆ, ಅದನ್ನು ಗ್ರಂಥಪಾಲಕರ ಮೇಲಿನ ದೂರು ಎಂದು ಭಾವಿಸಬೇಡಿ. ಅವರಿಗೂ ಅದು ಗೊತ್ತಿರುತ್ತದೆ. ಊರಿನ ನಾಲ್ಕು ಜನ ಜೊತೆಗೂಡಿ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಕೇಳುವ ವಿಷಯ ಅದು. ಕೇಳಲು ಸಂಕೋಚ ಬೇಡ. ಗ್ರಂಥಾಲಯ ಕರವನ್ನು ನೀವು ಈಗಾಗಲೇ ಕಟ್ಟಿದ್ದೀರಿ.